ಅಮೆರಿಕದಲ್ಲಿ ಪಶುವೈದ್ಯರಾಗಲು ಮೊದಲ ಸೆಮಿಸ್ಟರಿನಿಂದಲೇ ಲೆಕ್ಕ

ಕರ್ನಾಟಕದಲ್ಲಿ ಪಶುವೈದ್ಯರಾಗಬೇಕೆಂದರೆ ಪಿಯುಸಿ ಮುಗಿಸಿ ನೇರವಾಗಿ ಹೆಬ್ಬಾಳಕ್ಕೋ ಬೀದರಿಗೋ ಬಿವಿಎಸ್‌ಸಿಗೆ ಸೇರಬಹುದು. ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಕ್ಕಳ ದಾರಿ ಬೇರೆ: ಮೊದಲು ಪದವಿ ಕಾಲೇಜು, ಆಮೇಲೆ ಡಿವಿಎಂ ಎಂಬ ನಾಲ್ಕು ವರ್ಷದ ಪಶುವೈದ್ಯ ಪದವಿ. ಊರಿನ ಲೆಕ್ಕ ಹಿಡಿದ ಅಪ್ಪ ಅಮ್ಮ "ಮೊದಲು ಡಿಗ್ರಿಗೆ ಸೇರಲಿ, ಮೂರನೇ ವರ್ಷ ನೋಡೋಣ" ಎನ್ನುತ್ತಾರೆ. ಮೂರನೇ ವರ್ಷ ನೋಡಲು ಹೊರಟರೆ ಒಂದು ವರ್ಷ ಆಗಲೇ ಕೈತಪ್ಪಿರುತ್ತದೆ.

ಡಿವಿಎಂಗೆ ಮುಂಚಿನ ಈ ತಯಾರಿಗೆ ಪ್ರೀ-ವೆಟ್ ಎನ್ನುತ್ತಾರೆ; ಅದು ಹೆಚ್ಚಿನ ಕಾಲೇಜುಗಳಲ್ಲಿ ಪದವಿಯ ಹೆಸರಲ್ಲ. ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದಾದರೂ ಆಗಬಹುದು, ಇತಿಹಾಸವೂ ಆದೀತು. ಡಿವಿಎಂ ಕಲಿಸುವ ವೆಟ್ ಸ್ಕೂಲುಗಳು ನೋಡುವುದು ತಾವು ಕೇಳಿದ ಕೋರ್ಸುಗಳು ಮುಗಿದಿವೆಯೇ, ಅವುಗಳಲ್ಲಿ ಗ್ರೇಡ್ ಎಷ್ಟು ಎಂಬುದನ್ನು. ಪಟ್ಟಿ ಶಾಲೆಯಿಂದ ಶಾಲೆಗೆ ಬದಲಾದರೂ ತಿರುಳು ಸುಮಾರಾಗಿ ಒಂದೇ: ಲ್ಯಾಬ್ ಸಮೇತ ಬಯಾಲಜಿ ಎರಡು ಸೆಮಿಸ್ಟರ್, ಜನರಲ್ ಕೆಮಿಸ್ಟ್ರಿ ಎರಡು, ಆರ್ಗ್ಯಾನಿಕ್ ಒಂದು ಅಥವಾ ಎರಡು, ಬಯೋಕೆಮಿಸ್ಟ್ರಿ ಒಂದು, ಫಿಸಿಕ್ಸ್ ಒಂದು ಅಥವಾ ಎರಡು, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆ. ಇವುಗಳ ಮೇಲೆ ಹಲವು ಶಾಲೆಗಳು ಜೆನೆಟಿಕ್ಸ್, ಮೈಕ್ರೋಬಯಾಲಜಿ, ಫಿಸಿಯಾಲಜಿ ಕೇಳುತ್ತವೆ. ಕೆಲವು ಪ್ರಾಣಿಪೋಷಣೆಯನ್ನೂ, ಸಾರ್ವಜನಿಕ ಭಾಷಣವನ್ನೂ ಕೇಳುತ್ತವೆ. ಕ್ಯಾಲ್ಕುಲಸ್‌ಗಿಂತ ಸಂಖ್ಯಾಶಾಸ್ತ್ರ ಕೇಳುವ ಶಾಲೆಗಳೇ ಹೆಚ್ಚು. ಫಿಸಿಕ್ಸ್‌ನಲ್ಲೂ ಸಾಮಾನ್ಯವಾಗಿ ಕ್ಯಾಲ್ಕುಲಸ್ ಬೇಡದ ಕೋರ್ಸು ಸಾಕು.

ಇವುಗಳಲ್ಲಿ ಇಡೀ ಯೋಜನೆಯನ್ನು ಹಿಡಿದು ನಿಲ್ಲಿಸುವುದು ಕೆಮಿಸ್ಟ್ರಿ. ಜನರಲ್ ಒಂದು, ಜನರಲ್ ಎರಡು, ಆರ್ಗ್ಯಾನಿಕ್ ಒಂದು, ಆರ್ಗ್ಯಾನಿಕ್ ಎರಡು, ಕೊನೆಗೆ ಬಯೋಕೆಮಿಸ್ಟ್ರಿ. ಒಂದು ಮುಗಿಯದೆ ಮುಂದಿನದಕ್ಕೆ ಕೂರಿಸಿಕೊಳ್ಳುವುದಿಲ್ಲ, ಹಾಗಾಗಿ ಆರ್ಗ್ಯಾನಿಕ್‌ನ ಎರಡೂ ಭಾಗ ಓದುವವರಿಗೆ ಐದು ಸೆಮಿಸ್ಟರ್ ಬೇಕೇ ಬೇಕು. ಮೊದಲ ವರ್ಷದ ಫಾಲ್‌ನಲ್ಲಿ (ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಸೆಮಿಸ್ಟರಿನಲ್ಲಿ) ಶುರುವಾದರೆ ಬಯೋಕೆಮಿಸ್ಟ್ರಿ ಬರುವುದು ಮೂರನೇ ವರ್ಷದ ಫಾಲ್‌ಗೆ. ಪದವಿ ಮುಗಿದ ಕೂಡಲೇ ಡಿವಿಎಂ ಸೇರಬೇಕಾದರೆ ವಿಎಂಕ್ಯಾಸ್ (ಬಹುತೇಕ ವೆಟ್ ಸ್ಕೂಲುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವ್ಯವಸ್ಥೆ) ಮೂಲಕದ ಅರ್ಜಿ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ತಯಾರಾಗಿ ಸೆಪ್ಟೆಂಬರ್ ಮಧ್ಯದೊಳಗೆ ಹೋಗಬೇಕು. ಅಷ್ಟರಲ್ಲಿ ಬಯೋಕೆಮಿಸ್ಟ್ರಿಯ ಗ್ರೇಡ್ ಟ್ರಾನ್‌ಸ್ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಇದ್ದರೆ ಅರ್ಜಿಗೆ ತೂಕ.

ಇಲ್ಲಿ ಎಡವುವ ಜಾಗ ಒಂದಿದೆ. ಯಾವ ಹಂತದ ಕೋರ್ಸಿಗೆ ಸೇರಿಸಬೇಕೆಂದು ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರನ್ನು ಹಲವು ಕಾಲೇಜುಗಳು ಮೊದಲು ಪೂರ್ವಸಿದ್ಧತೆಯ ಕೆಮಿಸ್ಟ್ರಿಗೆ ಹಾಕುತ್ತವೆ. ಹೋದದ್ದು ಒಂದೇ ಸೆಮಿಸ್ಟರ್ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಣ್ಣ ಕಾಲೇಜುಗಳಲ್ಲಿ ಆರ್ಗ್ಯಾನಿಕ್‌ನ ಮೊದಲ ಭಾಗ ಸಾಮಾನ್ಯವಾಗಿ ಫಾಲ್‌ನಲ್ಲಿ ಮಾತ್ರ ನಡೆಯುತ್ತದೆ. ಒಂದು ಸೆಮಿಸ್ಟರ್ ಜಾರಿದರೆ ಒಂದು ವರ್ಷ ಜಾರಿದಂತೆ. ಆದ್ದರಿಂದ ಹೈಸ್ಕೂಲ್ ಮುಗಿದ ಬೇಸಿಗೆಯಲ್ಲಿ ಮೋಲ್, ಸ್ಟಾಯ್ಕಿಯೊಮೆಟ್ರಿ, ಲಾಗರಿದಮ್ ಇಷ್ಟನ್ನು ಗಟ್ಟಿ ಮಾಡಿಕೊಂಡು ಪರೀಕ್ಷೆಗೆ ಕೂರಬೇಕು. ಜಾರಿಯೇ ಬಿಟ್ಟರೆ ಜನರಲ್ ಎರಡನ್ನು ಬೇಸಿಗೆಯಲ್ಲಿ ಮುಗಿಸಿ ಸರಿದೂಗಿಸಬಹುದು. ಆದರೆ ಆರ್ಗ್ಯಾನಿಕ್‌ನ ಎರಡೂ ಭಾಗಗಳನ್ನು ಒಂದೇ ಬೇಸಿಗೆಗೆ ತುರುಕುವುದು ಬೇಡ. ರಿಯಾಕ್ಷನ್ ಮೆಕ್ಯಾನಿಸಂಗಳು ತಲೆಯಲ್ಲಿ ಕೂರಲು ದಿನಗಳು ಬೇಕು; ಎಂಟು ಹತ್ತು ವಾರದಲ್ಲಿ ಬಾಯಿಪಾಠವಷ್ಟೇ ಆಗುತ್ತದೆ, ಅದರ ಪೆಟ್ಟು ಬಯೋಕೆಮಿಸ್ಟ್ರಿಯಲ್ಲಿ ಬೀಳುತ್ತದೆ.

ಉಳಿದದ್ದನ್ನು ಕೆಮಿಸ್ಟ್ರಿಯ ಸುತ್ತ ಕೂರಿಸಬೇಕು. ಮೊದಲ ವರ್ಷ ಜನರಲ್ ಕೆಮಿಸ್ಟ್ರಿಯ ಜೊತೆ ಬಯಾಲಜಿ, ಬರವಣಿಗೆ. ಎರಡನೇ ವರ್ಷ ಆರ್ಗ್ಯಾನಿಕ್ ಜೊತೆ ಸಂಖ್ಯಾಶಾಸ್ತ್ರ, ಜೆನೆಟಿಕ್ಸ್. ಮೂರನೇ ವರ್ಷ ಬಯೋಕೆಮಿಸ್ಟ್ರಿ, ಫಿಸಿಕ್ಸ್, ಮೈಕ್ರೋಬಯಾಲಜಿ. ನಾಲ್ಕನೆಯದಕ್ಕೆ ಫಿಸಿಯಾಲಜಿ ಮತ್ತು ಒಂದೆರಡು ಶಾಲೆಗಳು ಮಾತ್ರ ಕೇಳುವ ಕೋರ್ಸುಗಳು. ಒಂದು ಸೆಮಿಸ್ಟರಿಗೆ ಲ್ಯಾಬ್ ಇರುವ ವಿಜ್ಞಾನ ಎರಡೇ ಇರಲಿ. ಮೂರು ಹಾಕಿಕೊಂಡರೆ ವಾರಕ್ಕೆ ಮೂರು ಮಧ್ಯಾಹ್ನ ಲ್ಯಾಬಿಗೇ ಹೋಗುತ್ತದೆ, ಮೇಲೆ ವರದಿ ಬರೆಯುವ ಕೆಲಸ. ಎಲ್ಲದರಲ್ಲೂ ಬಿ ತರುವುದಕ್ಕಿಂತ ನಿಧಾನವಾಗಿ ಎ ತರುವುದು ಲೇಸು.

ಗ್ರೇಡಿನ ವಿಷಯದಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಮಾತು: ಕೋರ್ಸನ್ನು ಮತ್ತೆ ಓದಿದರೆ ಕಾಲೇಜು ಹಳೆಯ ಗ್ರೇಡನ್ನು ಅಳಿಸಿ ಹೊಸದನ್ನು ಕೂರಿಸಬಹುದು, ವಿಎಂಕ್ಯಾಸ್ ಎರಡನ್ನೂ ಎಣಿಸುತ್ತದೆ. ನಾಲ್ಕು ಕ್ರೆಡಿಟ್ಟಿನ ಆರ್ಗ್ಯಾನಿಕ್‌ನಲ್ಲಿ ಸಿ (2.0) ಬಂದು, ಮತ್ತೆ ಓದಿ ಎ (4.0) ತಂದರೆ ಕಾಲೇಜಿನ ಲೆಕ್ಕದಲ್ಲಿ 4.0, ವಿಎಂಕ್ಯಾಸ್ ಲೆಕ್ಕದಲ್ಲಿ 3.0. ಹಾಗೆಂದು ಕೈಚೆಲ್ಲಬೇಕಿಲ್ಲ. ಕೊನೆಯ 45 ಕ್ರೆಡಿಟ್ಟುಗಳ ಸರಾಸರಿಯನ್ನು ಪ್ರತ್ಯೇಕವಾಗಿ ತೂಗುವ ಶಾಲೆಗಳಿವೆ. ಮೊದಲ ವರ್ಷ ಕುಸಿದು ಆಮೇಲೆ ಎದ್ದು ನಿಂತ ಮಕ್ಕಳು ಅಂಥ ಶಾಲೆಗಳನ್ನು ಹುಡುಕಿ ಅರ್ಜಿ ಹಾಕಬೇಕು.

ಕೋರ್ಸು ಓದಿದರೂ ಲೆಕ್ಕಕ್ಕೆ ಬಾರದೆ ಹೋಗುವುದು ಇನ್ನೂ ನೋವಿನ ಸಂಗತಿ. ವಿಜ್ಞಾನೇತರ ವಿದ್ಯಾರ್ಥಿಗಳಿಗೆಂದು ನಡೆಸುವ ಕೆಮಿಸ್ಟ್ರಿ ಅಥವಾ ಬಯಾಲಜಿ ನಡೆಯುವುದಿಲ್ಲ. ಸೆಮಿಸ್ಟರಿನ ಬದಲು ಇನ್ನೂ ಚಿಕ್ಕ ಅವಧಿಗಳಾಗಿ ವರ್ಷವನ್ನು ಹಂಚುವ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಮೂರು ಕ್ವಾರ್ಟರ್ ಯೂನಿಟ್ ಎಂದರೆ ಎರಡೇ ಸೆಮಿಸ್ಟರ್ ಕ್ರೆಡಿಟ್. ನಾಲ್ಕು ಯೂನಿಟ್ಟಿನ ಬಯೋಕೆಮಿಸ್ಟ್ರಿ ಸುಮಾರು 2.67 ಆಗುತ್ತದೆ, ಮೂರು ಕೇಳುವ ಶಾಲೆಯಲ್ಲಿ ಕೊರತೆ ಬೀಳುತ್ತದೆ. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಕ್ರೆಡಿಟ್ಟನ್ನು ಕೆಲವು ಶಾಲೆಗಳು ಒಪ್ಪುತ್ತವೆ, ಕೆಲವು ಅದರ ಮೇಲೆ ಉನ್ನತ ಹಂತದ ಇನ್ನೊಂದು ಕೋರ್ಸು ಕೇಳುತ್ತವೆ. ಪಾಸ್-ಫೇಲ್ ಆಯ್ಕೆಯನ್ನು ಈ ಕೋರ್ಸುಗಳಿಗೆ ಬಳಸಬಾರದು. ಎರಡು ವರ್ಷದ ಕಮ್ಯೂನಿಟಿ ಕಾಲೇಜಿನ ಆರಂಭಿಕ ಕೋರ್ಸುಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಬಯೋಕೆಮಿಸ್ಟ್ರಿ, ಫಿಸಿಯಾಲಜಿಯಂಥವು ನಾಲ್ಕು ವರ್ಷದ ಕಾಲೇಜಿನವೇ ಆಗಬೇಕೆಂಬ ಶಾಲೆಗಳಿವೆ. ಬಹಳ ವರ್ಷ ಹಿಂದೆ ಓದಿದ ವಿಜ್ಞಾನವನ್ನು ಒಪ್ಪದ ಶಾಲೆಗಳೂ ಇವೆ. ಕೆಲಸ ಬಿಟ್ಟು ಈ ದಾರಿಗೆ ಬರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಕಡ್ಡಾಯವಲ್ಲದಿದ್ದರೂ ಅಂಗರಚನೆ, ಹಿಸ್ಟಾಲಜಿ (ಅಂಗಾಂಶಗಳ ಅಧ್ಯಯನ), ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಸಿಕ್ಕರೆ ಬಿಡಬಾರದು. ಡಿವಿಎಂ ಮೊದಲ ವರ್ಷದಲ್ಲಿ ನಾಯಿ, ಕುದುರೆ, ಹಸುಗಳ ಅಂಗರಚನೆ ಭಾರೀ ವೇಗದಲ್ಲಿ ಬರುತ್ತದೆ, ಹೆಸರುಗಳಾದರೂ ಕಿವಿಗೆ ಬಿದ್ದಿದ್ದರೆ ಉಸಿರಾಡಲು ಜಾಗ ಸಿಗುತ್ತದೆ. ನಗರದಲ್ಲಿ ಬೆಳೆದ ಮಕ್ಕಳಿಗೆ ಅನಿಮಲ್ ಸೈನ್ಸ್ ವಿಭಾಗದ ಪೋಷಣೆ ಮತ್ತು ಜಾನುವಾರು ನಿರ್ವಹಣೆಯ ಕೋರ್ಸುಗಳನ್ನು ಒತ್ತಿ ಹೇಳಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಏನು ನಡೆಯುತ್ತದೆಂದು ತಿಳಿಯದೆ ಪಶುವೈದ್ಯಕೀಯ ಅರ್ಧವೇ. ಆ ಕೋರ್ಸುಗಳ ಜೊತೆ ಕೊಟ್ಟಿಗೆಯಲ್ಲಿ ಮಾಡಿದ ಕೆಲಸ ಪ್ರಾಣಿಗಳ ಅನುಭವವಾಗಿ ಅರ್ಜಿಯಲ್ಲಿ ಸೇರುತ್ತದೆ. ಪಶುವೈದ್ಯರ ಕೈಕೆಳಗಿನ ಅನುಭವವನ್ನು ಬೇರೆಯಾಗಿ ಎಣಿಸುವುದರಿಂದ, ವಾರಕ್ಕೆ ಒಂದು ಮಧ್ಯಾಹ್ನವಾದರೂ ಕ್ಲಿನಿಕ್ಕಿಗೆ ಬಿಡುವು ಇರುವಂತೆ ಟೈಮ್‌ಟೇಬಲ್ ಹಾಕಿಕೊಳ್ಳಬೇಕು. ಶಿಫಾರಸು ಪತ್ರ ಬರೆಯುವ ವೈದ್ಯರೂ ಅಲ್ಲೇ ಸಿಗುತ್ತಾರೆ.

ಮೊದಲ ವರ್ಷದ ಚಳಿಗಾಲದ ರಜೆಯಲ್ಲಿ ಒಂದು ಕೋಷ್ಟಕ ಬರೆಯಿರಿ. ಮೇಲೆ ಐದಾರು ಶಾಲೆಗಳು, ತಮ್ಮ ರಾಜ್ಯದ್ದು ಮೊದಲು, ಏಕೆಂದರೆ ಸರ್ಕಾರಿ ಶಾಲೆಗಳಲ್ಲಿ ಸೀಟೂ ಫೀಸೂ ರಾಜ್ಯದವರಿಗೆ ಅನುಕೂಲ. ಪಕ್ಕದಲ್ಲಿ ಕೋರ್ಸು, ಕ್ರೆಡಿಟ್, ಲ್ಯಾಬ್ ಬೇಕೇ, ಕನಿಷ್ಠ ಗ್ರೇಡ್, ಎಪಿ ನಡೆಯುತ್ತದೆಯೇ, ಯಾವಾಗ ಮುಗಿದಿರಬೇಕು. ವೀಸಾ ಮೇಲಿರುವ ಮಕ್ಕಳು ಇನ್ನೊಂದು ಸಾಲು ಸೇರಿಸಬೇಕು: ನಾಗರಿಕರನ್ನೂ ಗ್ರೀನ್ ಕಾರ್ಡ್ ಇರುವವರನ್ನೂ ಮಾತ್ರ ತೆಗೆದುಕೊಳ್ಳುವ ಶಾಲೆಗಳಿವೆ. ಪಟ್ಟಿಗಳು ಬದಲಾಗುವುದರಿಂದ ಇದನ್ನು ವರ್ಷಕ್ಕೊಮ್ಮೆ ತಿದ್ದಬೇಕು. ಅನುಮಾನವಿರುವ ಕೋರ್ಸನ್ನು ರಿಜಿಸ್ಟರ್ ಮಾಡುವ ಮುನ್ನ ಆ ಶಾಲೆಯ ಪ್ರವೇಶ ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನೂ ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಒಂದೇ ಫೋಲ್ಡರಿನಲ್ಲಿ ಕಾದಿಡಿ. ಹೆಸರು ಹೊಂದದ ಕೋರ್ಸಿಗೆ ಶಾಲೆ ಸಿಲಬಸ್ ಕೇಳುವ ಹೊತ್ತಿಗೆ ಅದನ್ನು ಕಲಿಸಿದವರು ಕಾಲೇಜನ್ನೇ ಬಿಟ್ಟಿರಬಹುದು.