ಆತ್ಮವಂಚನೆ: ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಹೇಗೆ?

ಆತ್ಮವಂಚನೆ ಎಂದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು. ಮನಃಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಹತ್ತು ಅಂಕಕ್ಕೆ ಬಂದರೆ ತೊಡಕು ಶುರು: ಸುಳ್ಳು ಹೇಳುವವನಿಗೆ ನಿಜ ಗೊತ್ತಿರಬೇಕು, ನಂಬುವವನಿಗೆ ಗೊತ್ತಿರಬಾರದು. ಇಬ್ಬರೂ ಒಬ್ಬನೇ ಆದರೆ?

ನನಗೆ ಇದು ಅರ್ಥವಾದದ್ದು ಸೋಮವಾರಪೇಟೆ ಕಡೆಯ ನಮ್ಮ ಅರೇಬಿಕಾ ಕಾಫಿ ತೋಟದಲ್ಲಿ. ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಎಂಬ ಕೀಟ ಅಂದರೆ ನಮ್ಮ ಬಾಯಲ್ಲಿ ಬೋರರ್. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆ ಎದ್ದ ಏಣು, ಹಳದಿ ತಿರುಗಿದ ಎಲೆ. ದುಂಬಿ ಹಾರುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮುಂಚೆಯೇ ಟ್ರೇಸಿಂಗ್ ಮಾಡಿ, ಅಂದರೆ ಒಂದೊಂದೇ ಗಿಡದ ಕಾಂಡ ನೋಡಿ, ಹುಳ ಬಿದ್ದ ಗಿಡ ಕಿತ್ತು ಸುಡಬೇಕು.

ಒಂದು ಮಾರ್ಚ್‌ನಲ್ಲಿ ಅಪ್ಪನ ಹಿಂದೆ ಹೋಗಿದ್ದೆ. ಅಜ್ಜ ನೆಟ್ಟ ಸಾಲು. ಅಪ್ಪ ಒಂದು ಕಾಂಡದ ಮೇಲೆ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಗೆ ಸವರಿದರು. ಏಣು ನನಗೂ ಕಂಡಿತು. ಬೆರಳು ಅಲ್ಲಿ ಅರೆಗಳಿಗೆ ನಿಂತಿತು. "ಹೂಮಳೆ ತಡ ಆಯ್ತು ನೋಡು, ಅದಕ್ಕೇ ಬಾಡಿದೆ" ಅಂದು ಮುಂದೆ ನಡೆದರು. (ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ.) ಆ ಸಾಲಿನ ಉಳಿದ ಗಿಡಗಳನ್ನು ಮುಟ್ಟಲೇ ಇಲ್ಲ. ಎರಡು ವರ್ಷದಲ್ಲಿ ಆ ಸಾಲಿನ ಜೊತೆ ಪಕ್ಕದ ಮೂರು ಸಾಲೂ ಸುಡಬೇಕಾಯಿತು.

ಮೇಲಿನ ತೊಡಕಿಗೆ ಉತ್ತರ ಆ ಬೆರಳಿನಲ್ಲಿದೆ. ಅಪ್ಪ ಸುಳ್ಳನ್ನು ಪೂರ್ತಿ ನಂಬಬೇಕಾಗಿರಲಿಲ್ಲ, ಮುಂದಿನ ಗಿಡ ಮುಟ್ಟದಿದ್ದರೆ ಸಾಕಿತ್ತು. ಎಲ್ಲಿ ನೋಡಬಾರದು ಎಂದು ತಿಳಿಯುವಷ್ಟು ನಿಜ ಗೊತ್ತಿರುತ್ತದೆ, ಅದಕ್ಕಿಂತ ಹೆಚ್ಚು ಗೊತ್ತಾಗದಂತೆ ಮನಸ್ಸು ಕಾವಲು ಕಾಯುತ್ತದೆ. ನೆಪವೂ ಸುಮ್ಮನೆ ಹುಟ್ಟಿದ್ದಲ್ಲ. ಹೂಮಳೆ ಆ ವರ್ಷ ನಿಜವಾಗಿಯೂ ತಡವಾಗಿತ್ತು. ಗಟ್ಟಿ ಆತ್ಮವಂಚನೆಯೊಳಗೆ ಹೀಗೆ ಒಂದು ನಿಜ ಇದ್ದೇ ಇರುತ್ತದೆ, ಅಪಾಯ ಇರುವುದೂ ಅಲ್ಲೇ.

ಈಗ ಪ್ರಯೋಗಗಳು. 1984ರಲ್ಲಿ ಮನಃಶಾಸ್ತ್ರಜ್ಞರಾದ ಕ್ವಾಟ್ರೋನ್ ಮತ್ತು ಟ್ವರ್ಸ್ಕಿ 38 ವಿದ್ಯಾರ್ಥಿಗಳಿಗೆ ತಣ್ಣನೆಯ ನೀರಿನಲ್ಲಿ ಕೈ ಅದ್ದಿಸಿದರು. ಆಮೇಲೆ ವ್ಯಾಯಾಮ ಮಾಡಿಸಿ ಮತ್ತೆ ಅದ್ದಿಸಿದರು. ನಡುವೆ ಕೆಲವರಿಗೆ, ವ್ಯಾಯಾಮದ ನಂತರ ಹೆಚ್ಚು ಹೊತ್ತು ತಡೆದುಕೊಳ್ಳುವವರ ಹೃದಯ ಗಟ್ಟಿ ಎಂದು ಹೇಳಿದ್ದರು. ಉಳಿದವರಿಗೆ ಅದರ ಉಲ್ಟಾ. ಹೆಚ್ಚಿನವರ ಕೈ ಒಳ್ಳೆಯ ಸುದ್ದಿ ಇದ್ದ ಕಡೆಗೇ ವಾಲಿತು. ಬೇಕೆಂದೇ ಮಾಡಿದೆವು ಎಂದು ಒಪ್ಪಿಕೊಂಡವರು 9 ಮಂದಿ ಮಾತ್ರ. ಕೈ ಎಷ್ಟು ಹೊತ್ತು ಇಟ್ಟರೂ ಹೃದಯ ಬದಲಾಗುವುದಿಲ್ಲ, ಎಲೆ ಬಾಡಿದ್ದಕ್ಕೆ ಮಳೆಯ ಹೆಸರು ಹೇಳಿದರೆ ಹುಳ ಸಾಯದ ಹಾಗೆ.

ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್‌ರ 1959ರ ಪ್ರಯೋಗವನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಬೇಸರದ ಕೆಲಸ ಮಾಡಿಸಿ, ಮುಂದಿನವರಿಗೆ 'ಚೆನ್ನಾಗಿದೆ' ಎಂದು ಹೇಳಿಸಿದರು. 20 ಡಾಲರ್ ಪಡೆದವರಿಗಿಂತ 1 ಡಾಲರ್ ಪಡೆದವರೇ ಕೆಲಸ ಚೆನ್ನಾಗಿತ್ತು ಎಂದು ಹೆಚ್ಚು ನಂಬಿದರು. ಸುಳ್ಳಿಗೆ ಸರಿಯಾದ ಕಾರಣ ಸಿಗದಾಗ ಅಭಿಪ್ರಾಯವೇ ಬದಲಾಗುತ್ತದೆ. ಇದು ಕಾಗ್ನಿಟಿವ್ ಡಿಸೋನೆನ್ಸ್ (ನಂಬಿಕೆಗೂ ನಡೆಗೂ ಹೊಂದದಾಗ ಆಗುವ ಕಿರಿಕಿರಿ) ಪಾಠಕ್ಕೆ ಸೇರಿದ್ದು.

ನಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ: ಹಳೆಯ ಪ್ರಶ್ನೆಪತ್ರಿಕೆಯ ಉತ್ತರ ತೆರೆದಿಟ್ಟುಕೊಂಡು "ಇದು ಬರುತ್ತೆ" ಅನ್ನುತ್ತಾ ಪುಟ ತಿರುಗಿಸುವುದು. ದಯವಿಟ್ಟು ಉತ್ತರ ಮುಚ್ಚಿ ಬರೆಯಿರಿ, ಬೇರೆಯವರ ಕೈಲಿ ತಿದ್ದಿಸಿ.

ಅಜ್ಜನ ಸಾಲಿನ ಜಾಗದಲ್ಲಿ ಈಗ ಹೊಸ ಗಿಡಗಳಿವೆ. ಅಲ್ಲಿಗೆ ಟ್ರೇಸಿಂಗ್‌ಗೆ ಅಪ್ಪ ಹೋಗುವುದಿಲ್ಲ, ಅಣ್ಣನನ್ನು ಕಳಿಸುತ್ತಾರೆ. ಅವನು ಸುಣ್ಣದ ಗುರುತು ಹಾಕಿ ಬಂದ ಗಿಡವನ್ನು ಇನ್ನೊಮ್ಮೆ ನೋಡದೆ ಕೀಳಿಸುತ್ತಾರೆ.