ಮಕ್ಕಳ ವೃಂದಗಾನದ ಪಕ್ಕದಲ್ಲಿ ಕೂರುವವರು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಒಟ್ಟಾಗಿ ಹಾಡದ ಸಮಾರಂಭವೇ ಇಲ್ಲವೆನ್ನಬಹುದು. ಜೂನ್ ತಿಂಗಳ ಪ್ರವೇಶೋತ್ಸವ, ಆಗಸ್ಟಿನ ಸ್ವಾತಂತ್ರ್ಯೋತ್ಸವ, ಅದರ ಬೆನ್ನಿಗೇ ಶಾಲಾ ಕಲೋತ್ಸವ, ಬೇಸಗೆಯಲ್ಲಿ ಊರಿನ ಭಜನಾ ಮಂದಿರದ ವಾರ್ಷಿಕೋತ್ಸವ, ಹೀಗೆ ವರ್ಷವಿಡೀ ಒಂದಲ್ಲ ಒಂದು ವೇದಿಕೆಯಲ್ಲಿ ಹತ್ತಿಪ್ಪತ್ತು ಮಕ್ಕಳು ಸಾಲಾಗಿ ನಿಂತು ಹಾಡುತ್ತಾರೆ. ಸಭಿಕರ ಗಮನವೆಲ್ಲ ಮಕ್ಕಳ ಮೇಲಿರುತ್ತದೆ, ಅದು ಸರಿಯೂ ಹೌದು. ಆದರೆ ಆ ಹಾಡು ಕಿವಿಗೆ ಹಿತವಾಗಿ ಬರುವುದೋ ಕಿರುಚಾಟವಾಗುವುದೋ ಎಂಬುದನ್ನು ನಿಶ್ಚಯಿಸುವವರು ಪಕ್ಕದಲ್ಲಿರುವ ಇಬ್ಬರು ಮೂವರು ದೊಡ್ಡವರು: ಹಾಡು ಕಲಿಸಿ ಮುನ್ನಡೆಸುವವರು, ಹಾರ್ಮೋನಿಯಂ ಅಥವಾ ಕೀಬೋರ್ಡ್ ನುಡಿಸುವವರು, ತಬಲಾ ಅಥವಾ ಮೃದಂಗದವರು. ಇವರು ತಮ್ಮ ವಿದ್ಯೆಯನ್ನು ಎಷ್ಟು ತೋರಿಸುತ್ತಾರೆ ಎನ್ನುವುದಕ್ಕಿಂತ ಮಕ್ಕಳ ಧ್ವನಿಯನ್ನು ಮೊದಲೇ ಎಷ್ಟು ಆಲಿಸಿದ್ದಾರೆ ಎನ್ನುವುದರಲ್ಲಿ ಹಾಡಿನ ಯೋಗ್ಯತೆ ಇದೆ ಎಂದು ಮಕ್ಕಳೊಂದಿಗೆ ಹಾಡುತ್ತಲೂ ನುಡಿಸುತ್ತಲೂ ಬಂದಿರುವ ನಾನು ನಂಬಿದ್ದೇನೆ.

ಎಲ್ಲಕ್ಕಿಂತ ಮೊದಲಿನ ತೀರ್ಮಾನ ಶ್ರುತಿಯದು, ಎಂದರೆ ಹಾಡಿಗೆ ಆಧಾರವಾದ ಷಡ್ಜ (‘ಸ’) ಎಷ್ಟು ಎತ್ತರದಲ್ಲಿರಬೇಕು ಎಂಬುದು. ನಮ್ಮೂರಿನಲ್ಲಿ ಹಾರ್ಮೋನಿಯಂ ಕಲಿತವರಲ್ಲಿ ಹೆಚ್ಚಿನವರು ಭಜನೆಯಿಂದ ಬಂದವರು. ಭಜನೆಯಲ್ಲಿ ಹೇಳಿಕೊಡುವವರ ಕಂಠಕ್ಕೆ ಹೊಂದುವ ಶ್ರುತಿಯೇ ಎಲ್ಲರ ಶ್ರುತಿ; ಉಳಿದವರು ಏರಿಯೋ ಇಳಿದೋ ಹೇಗೋ ಅದರೊಳಗೆ ಸೇರಿಕೊಳ್ಳುತ್ತಾರೆ. ಭಕ್ತಿಯ ಕೂಟದಲ್ಲಿ ಅದರಿಂದ ಕೊರತೆಯೇನೂ ಆಗುವುದಿಲ್ಲ. ಆದರೆ ಅದೇ ಅಭ್ಯಾಸ ಮಕ್ಕಳ ವೃಂದಗಾನಕ್ಕೆ ಬಂದಾಗ ದೊಡ್ಡವರ ಗಂಟಲಿಗೆ ಅನುಕೂಲವಾದ ಮನೆಯನ್ನು (ಹಾರ್ಮೋನಿಯಂನ ಕೀಲಿಯನ್ನು) ಒತ್ತಿ, ಮಕ್ಕಳು ಅದಕ್ಕೆ ಹೊಂದಿಕೊಳ್ಳಲಿ ಎಂದು ಕಾಯುವ ಕ್ರಮ ಬೆಳೆದುಬಿಟ್ಟಿದೆ. ಈ ಮನೆಗಳನ್ನು ನಾವು ಬಣ್ಣ ಮತ್ತು ಸಂಖ್ಯೆಯಿಂದ ಕರೆಯುತ್ತೇವೆ; ಬಿಳಿ 1 ಎಂದರೆ ಪಾಶ್ಚಾತ್ಯರ C, ಅಲ್ಲಿಂದ ಮೇಲಿನ ಬಿಳಿ 1ರ ವರೆಗಿನ ಅಂತರ ಒಂದು ಸ್ಥಾಯಿ. ಕೆಳ ಪ್ರಾಥಮಿಕ ತರಗತಿಯ ಮಕ್ಕಳ ಧ್ವನಿ ಹಾರ್ಮೋನಿಯಂನ ಮಧ್ಯ ಸ್ಥಾಯಿಯ ಬಿಳಿ 1ರಿಂದ ಅದರ ಮೇಲಿನ ಬಿಳಿ 1ರ ವರೆಗೆ, ಸ್ವಲ್ಪ ಅಭ್ಯಾಸವಾದ ಮೇಲೆ ಮೇಲಿನ ಬಿಳಿ 2ರ ವರೆಗೆ ಸುಖವಾಗಿ ಸಂಚರಿಸುತ್ತದೆ. ತೀರ ಸಣ್ಣವರಿಗೆ ಇದರ ನಡುವಿನ ಐದಾರು ಸ್ವರಗಳಷ್ಟೇ ಸಲೀಸು.

ಹಾಗಾಗಿ ಮಕ್ಕಳಿಗೆ ಯಾವ ಶ್ರುತಿ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಯಾವ ಹಾಡಿಗೆ ಎಂದು ತಿರುಗಿ ಕೇಳಬೇಕಾಗುತ್ತದೆ. ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಗುರುತಿಸಿಕೊಂಡು, ಆ ಎರಡನ್ನೂ ಮಕ್ಕಳ ಅಳವಿನೊಳಗೆ ಕೂರಿಸಿದಾಗ ಷಡ್ಜ ಎಲ್ಲಿಗೆ ಬೀಳುತ್ತದೋ ಅದೇ ಶ್ರುತಿ. ಮಂದ್ರ, ಮಧ್ಯ, ತಾರ ಎಂದರೆ ಕೆಳಗಿನ, ನಡುವಿನ, ಮೇಲಿನ ಸ್ಥಾಯಿಗಳು. ಮಧ್ಯ ಷಡ್ಜದಿಂದ ತಾರ ಷಡ್ಜದ ವರೆಗೆ ಹೋಗುವ ಹಾಡಿಗೆ ಬಿಳಿ 1, ಕಪ್ಪು 1 ಅಥವಾ ಬಿಳಿ 2 ಹೊಂದುತ್ತದೆ. ಮಂದ್ರ ಪಂಚಮದಿಂದ (‘ಪ’) ಮಧ್ಯ ಪಂಚಮದ ವರೆಗಿನ ಹಾಡನ್ನು ಅದೇ ಬಿಳಿ 1ರಲ್ಲಿ ಹಿಡಿದರೆ ಮಕ್ಕಳ ಧ್ವನಿ ಗಂಟಲಿನೊಳಗೇ ಹೂತುಹೋಗುತ್ತದೆ. ಬಿಳಿ 4ಕ್ಕೆ ಏರಿಸಿದರೆ ಮಂದ್ರ ಪಂಚಮ ಬಿಳಿ 1ಕ್ಕೂ ಮಧ್ಯ ಪಂಚಮ ಅದರ ಮೇಲಿನ ಬಿಳಿ 1ಕ್ಕೂ ಬಂದು, ಅದೇ ಮಕ್ಕಳು ಬೆಳಕು ಹರಿದಂತೆ ಹಾಡುತ್ತಾರೆ. ಮಂದ್ರ ಪಂಚಮದಿಂದ ತಾರ ಪಂಚಮದ ವರೆಗೆ ಎರಡು ಸ್ಥಾಯಿ ಓಡಾಡುವ ಹಾಡಿದ್ದರೆ, ಅದು ಎಷ್ಟೇ ಜನಪ್ರಿಯವಾಗಿರಲಿ, ಚಿಕ್ಕ ಮಕ್ಕಳ ವೃಂದಕ್ಕೆ ಅದನ್ನು ಆರಿಸಬಾರದು. ಸ್ಪರ್ಧೆಗೆಂದು ಅಂಥ ಹಾಡುಗಳನ್ನೇ ಹುಡುಕಿ ಕಲಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ದಿನವೂ ನಮ್ಮ ಕಿವಿಗೆ ಬೀಳುವ ಉದಾಹರಣೆಯೆಂದರೆ ರಾಷ್ಟ್ರಗೀತೆ. 52 ಸೆಕೆಂಡಿನ ಆ ಹಾಡು ಮಂದ್ರ ನಿಷಾದದಿಂದ (‘ನಿ’) ತಾರ ಷಡ್ಜದ ವರೆಗೆ, ಎಂದರೆ ಒಂದು ಸ್ಥಾಯಿಗಿಂತ ತುಸುವೇ ಹೆಚ್ಚು ಹರಡಿಕೊಂಡಿದೆ. ಬಿಳಿ 1ರಲ್ಲೋ ಬಿಳಿ 2ರಲ್ಲೋ ಆರಂಭಿಸಿದರೆ ಯಾವ ಮಗುವಿಗೂ ಕಷ್ಟವಿಲ್ಲ. ಶ್ರುತಿಯಿಲ್ಲದೆ, ಧೈರ್ಯವಂತ ಮಗುವೊಂದು ತೋಚಿದ ಎತ್ತರದಲ್ಲಿ ಶುರುಮಾಡಿದಾಗ ಮಾತ್ರ ಸಾಲಾಗಿ ಬರುವ ಮೂರು ‘ಜಯ ಹೇ’ಗಳ ಹೊತ್ತಿಗೆ ಅರ್ಧ ಅಸೆಂಬ್ಲಿ ಸುಮ್ಮನಾಗುತ್ತದೆ, ಇನ್ನರ್ಧ ಕೂಗುತ್ತದೆ. ಹಾರ್ಮೋನಿಯಂ ತರಬೇಕೆಂದೇನೂ ಇಲ್ಲ. ಮೊಬೈಲಿನ ತಂಬೂರ ಆ್ಯಪ್‌ನಿಂದ ಒಂದು ಷಡ್ಜ ಕೇಳಿಸಿದರೂ ಸಾಕು. ಕರ್ನಾಟಕದ ನಾಡಗೀತೆಯ ವಿಚಾರದಲ್ಲಿ, 2022ರಲ್ಲಿ ಅಲ್ಲಿನ ಸರಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಅವಧಿಯನ್ನು 2 ನಿಮಿಷ 30 ಸೆಕೆಂಡಿಗೆ ನಿಗದಿಪಡಿಸಿದ್ದು ಗಡಿಯ ಈಚೆ ಹಾಡುವ ನಮಗೂ ಉಪಕಾರವೇ ಆಯಿತು, ಏಕೆಂದರೆ ಒಂದೊಂದು ಶಾಲೆಯಿಂದ ಒಂದೊಂದು ಧಾಟಿ ಕಲಿತು ಬಂದ ಮಕ್ಕಳನ್ನು ಒಂದೇ ವೇದಿಕೆಯಲ್ಲಿ ಸೇರಿಸುವ ತೊಡಕು ಅದರಿಂದ ಕಡಮೆಯಾಯಿತು. ಧಾಟಿ ನಿಶ್ಚಯವಾಯಿತೆಂದು ಶ್ರುತಿ ನಿಶ್ಚಯವಾಗುವುದಿಲ್ಲ. ಅದನ್ನು ಆಯಾ ಮಕ್ಕಳನ್ನು ಕೇಳಿಯೇ ಇಡಬೇಕು.

ಎರಡನೆಯ ಸಂಗತಿ ಮುನ್ನಡೆಸುವವರ ಧ್ವನಿಗೆ ಸಂಬಂಧಿಸಿದ್ದು. ಗಂಡಸರು ಹೇಳಿಕೊಡುವಾಗ ಅವರ ಸ್ವರ ಮಕ್ಕಳ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಸಂಗೀತ ಬಲ್ಲವರಿಗೆ ಎರಡೂ ಒಂದೇ ಷಡ್ಜ. ಏಳು ವರ್ಷದ ಮಗುವಿಗೆ ಹಾಗಲ್ಲ. ಅದು ಮಾಸ್ತರರ ಕಂಠವನ್ನೇ ಅನುಕರಿಸಲು ಗದ್ದವನ್ನು ಕತ್ತಿಗೆ ಒತ್ತಿಕೊಂಡು ತಗ್ಗಿನಲ್ಲಿ ಗೊಣಗುತ್ತದೆ, ನಾವು ಅದನ್ನು ಶ್ರುತಿಜ್ಞಾನವಿಲ್ಲದ ಮಗು ಎಂದು ಹಿಂದಿನ ಸಾಲಿಗೆ ಕಳುಹಿಸುತ್ತೇವೆ. ಹೆಂಗಸರ ಧ್ವನಿ, ಅದಕ್ಕಿಂತಲೂ ಮಿಗಿಲಾಗಿ ಇನ್ನೊಂದು ಮಗುವಿನ ಧ್ವನಿ, ಮಕ್ಕಳಿಗೆ ಬೇಗ ಹಿಡಿಯಲು ಸಿಗುತ್ತದೆ. ಆದ್ದರಿಂದ ಗಂಡು ಶಿಕ್ಷಕರು ಸಾಲನ್ನು ತಾವೇ ಹಾಡಿ ತೋರಿಸುವುದರ ಜತೆಗೆ ಚೆನ್ನಾಗಿ ಹಾಡುವ ಒಬ್ಬ ಹುಡುಗಿಯಿಂದಲೋ ಹುಡುಗನಿಂದಲೋ ಅದನ್ನು ಹೇಳಿಸಿ ಉಳಿದವರು ಅನುಸರಿಸುವಂತೆ ಮಾಡುವುದು ಲೇಸು. ಹಾಡು ಬಾಯಿಗೆ ಬಂದ ಮೇಲೆ ಮುನ್ನಡೆಸುವವರು ಬಾಯಿ ಮುಚ್ಚಲೇಬೇಕು. ಜತೆಯಲ್ಲೇ ಗಟ್ಟಿಯಾಗಿ ಹಾಡುತ್ತಿರುವವರಿಗೆ ಮಕ್ಕಳ ತಪ್ಪೂ ಕೇಳಿಸದು, ಚೆಲುವೂ ಕೇಳಿಸದು. ಮಕ್ಕಳೂ ಆ ದೊಡ್ಡ ಧ್ವನಿಗೆ ಒರಗಿಕೊಂಡು, ಅದು ನಿಂತ ಕ್ಷಣವೇ ಕುಸಿಯುತ್ತಾರೆ.

ಶ್ರುತಿ ಸೇರದ ಮಗುವಿನ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಗುಡ್ಡ ಮತ್ತು ತೋಟಗಳ ನಡುವೆ ಬೆಳೆದ ಮಕ್ಕಳಿಗೆ ಗುಡ್ಡದ ಮೇಲಿನಿಂದ ಕೆಳಗಿನ ತೋಟಕ್ಕೆ ಕೇಳುವಂತೆ ‘ಕೂ’ ಎಂದು ಕರೆಯುವುದು ಗೊತ್ತು. ಗೊಣಗುವ ಮಗುವನ್ನು ನಾನು ಹಾಡು ಎನ್ನುವುದಿಲ್ಲ. ಹಾಗೆ ಕರೆ ಎನ್ನುತ್ತೇನೆ. ಆ ಕರೆಯಲ್ಲಿ ಧ್ವನಿ ಗಂಟಲಿನ ಬಿಗಿತ ಬಿಟ್ಟು ತಲೆಗೇರಿ ತೆಳುವಾಗಿ, ದೂರಕ್ಕೆ ಹೋಗುವಂತೆ ಹೊರಡುತ್ತದೆ. ಹಾರ್ಮೋನಿಯಂನವರು ಆ ಕರೆಯ ಸ್ವರ ಯಾವುದೆಂದು ಹುಡುಕಿ ಅದನ್ನೇ ಒತ್ತಿ ಹಿಡಿಯಬೇಕು, ಉಳಿದ ಮಕ್ಕಳು ಅದೇ ಸ್ವರವನ್ನು ಹಾಡಬೇಕು. ಎಲ್ಲರೂ ತನ್ನ ಸ್ವರಕ್ಕೆ ಬಂದು ಸೇರಿದ್ದನ್ನು ಆ ಮಗು ಮೊದಲ ಬಾರಿಗೆ ಕೇಳಿಸಿಕೊಳ್ಳುತ್ತದೆ. ಸ್ವರ ಕೂಡುವುದೆಂದರೆ ಹೇಗಿರುತ್ತದೆ ಎಂಬುದು ಅದಕ್ಕೆ ತಿಳಿಯುವುದು ಹೀಗೆ. ಅಲ್ಲಿಂದ ಒಂದೊಂದೇ ಸ್ವರ ಕೆಳಗಿಳಿಸುತ್ತ ಹಾಡಿನ ಆರಂಭಕ್ಕೆ ತರಬಹುದು. ಇದಕ್ಕೆ ಕೆಲವು ವಾರಗಳ ತಾಳ್ಮೆ ಬೇಕು, ಜತೆಗೆ ಮಗುವಿನ ಸ್ವರವನ್ನು ಕೂಡಲೇ ಗುರುತಿಸಬಲ್ಲ ಪಕ್ಕವಾದ್ಯದವರೂ ಬೇಕು.

ಹಾರ್ಮೋನಿಯಂ ಏನು ನುಡಿಸಬೇಕು ಎನ್ನುವುದು ಮುಂದಿನ ಪ್ರಶ್ನೆ. 1940ರಿಂದ 1971ರ ವರೆಗೆ ಆಕಾಶವಾಣಿ ಈ ವಾದ್ಯವನ್ನು ದೂರವಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು, ಸ್ವರವನ್ನು ಅಲುಗಿಸುವ ಗಮಕವನ್ನು ತೋರಿಸಲು ಇದಕ್ಕೆ ಸಾಧ್ಯವಿಲ್ಲ ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ವಾದ್ಯವನ್ನು ಬಹಿಷ್ಕರಿಸಬೇಕೆಂದು ನಾನು ಹೇಳುವವನಲ್ಲ, ಅದೇ ನನ್ನ ಅನ್ನದ ವಾದ್ಯ. ಆದರೆ ಆ ಆಕ್ಷೇಪದಲ್ಲಿ ನಮಗೊಂದು ಪಾಠವಿದೆ. ಮಕ್ಕಳ ಕಂಠ ಸಹಜವಾಗಿ ಜಾರುವ ಕಡೆಗಳಲ್ಲಿ ಹಾರ್ಮೋನಿಯಂ ಪ್ರತಿ ಅಕ್ಷರಕ್ಕೂ ಒಂದೊಂದು ಮನೆ ಒತ್ತುತ್ತ ಹೋದರೆ ಮಕ್ಕಳೂ ಮೆಟ್ಟಿಲು ಮೆಟ್ಟಿಲಾಗಿ ಹಾಡಲು ಕಲಿಯುತ್ತಾರೆ. ಕಲಿಯುವ ಹಂತದಲ್ಲಿ ಸಾಲನ್ನು ಪೂರ್ತಿ ನುಡಿಸಿ ತೋರಿಸಲಿ. ಹಾಡು ಬಂದ ಮೇಲೆ ಷಡ್ಜ–ಪಂಚಮದ ಆಧಾರ, ಸಾಲಿನ ಮೊದಲ ಸ್ವರ, ಚರಣದ ಕೊನೆಯಲ್ಲಿ ಪಲ್ಲವಿಗೆ ಮರಳುವ ಕೊಂಡಿ, ಇಷ್ಟಿದ್ದರೆ ಸಾಕು. ಆರಂಭದ ವಾದ್ಯಭಾಗ ಎಷ್ಟೇ ಸೊಗಸಾಗಿರಲಿ, ಅದು ಮಕ್ಕಳು ಎತ್ತಿಕೊಳ್ಳಬೇಕಾದ ಸ್ವರದಲ್ಲೇ ಬಂದು ನಿಲ್ಲಬೇಕು. ಬೇರೆಲ್ಲೋ ನಿಂತು, ಮಕ್ಕಳೇ ಊಹಿಸಿಕೊಳ್ಳಲಿ ಎಂದರೆ ಮೊದಲ ಸಾಲು ಹಾಳಾಗುವುದು ಖಂಡಿತ.

ಎತ್ತುಗಡೆಯ, ಎಂದರೆ ಹಾಡು ತಾಳದ ಯಾವ ಜಾಗದಲ್ಲಿ ಶುರುವಾಗುತ್ತದೆ ಎಂಬ ವಿಷಯವೂ ಇದಕ್ಕೆ ಅಂಟಿಕೊಂಡದ್ದು. ತಾಳದ ಪೆಟ್ಟಿನ ಮೇಲೆಯೇ ಶುರುವಾಗುವ ಹಾಡನ್ನು ಮಕ್ಕಳು ತಾವಾಗಿ ಹಿಡಿಯುತ್ತಾರೆ. ಪೆಟ್ಟು ಬಿದ್ದು ಅರ್ಧ ಮಾತ್ರೆ ಕಳೆದ ಮೇಲೆ ಆರಂಭವಾಗುವ ಅನಾಗತ ಎತ್ತುಗಡೆಯಲ್ಲಿ ಕೆಲವರು ಪೆಟ್ಟಿಗೇ ಹಾರುತ್ತಾರೆ, ಕೆಲವರು ತಡವಾಗುತ್ತಾರೆ. ಇಲ್ಲಿ ಮುನ್ನಡೆಸುವವರು ಆ ಪೆಟ್ಟಿನ ಮೇಲೆ ಎಲ್ಲರಿಗೂ ಕಾಣುವಂತೆ ಉಸಿರು ತೆಗೆದುಕೊಳ್ಳಬೇಕು. ಮಕ್ಕಳು ಅವರೊಂದಿಗೇ ಉಸಿರೆಳೆದರೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾದ ಜಾಗ ಬಂದಿರುತ್ತದೆ. ಒಬ್ಬರೇ ಹಾರ್ಮೋನಿಯಂ ನುಡಿಸುತ್ತ ಮುನ್ನಡೆಸುವ ಶಾಲೆಗಳಲ್ಲಿ ಎಡಗೈ ತಿದಿಗೆ, ಬಲಗೈ ಮನೆಗಳಿಗೆ ಸೆರೆಯಾಗಿರುವುದರಿಂದ, ತಲೆ ಮತ್ತು ಉಸಿರಷ್ಟೇ ಸಂಜ್ಞೆಗೆ ಉಳಿಯುತ್ತವೆ. ಅಂಥವರು ಸಭೆಗೆ ಮುಖ ಮಾಡಿ ಕೂರದೆ ಮಕ್ಕಳಿಗೆ ಮುಖ ಮಾಡಿ ಕೂರಬೇಕು. ಯಕ್ಷಗಾನದ ಭಾಗವತರನ್ನು ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ: ಹಿಮ್ಮೇಳದ ಕಣ್ಣು ಸದಾ ಮುಮ್ಮೇಳದ ಮೇಲಿರುತ್ತದೆ, ವೇಷಧಾರಿ ಉಸಿರೆಳೆದದ್ದು ಮದ್ದಳೆಯವರಿಗೂ ಗೊತ್ತಿರುತ್ತದೆ.

ತಬಲಾದವರ ಕಷ್ಟ ನಮ್ಮ ಮಳೆಗಾಲದಲ್ಲಿ ತಿಳಿಯುತ್ತದೆ. ಶಾಲೆ ತೆರೆಯುವುದಕ್ಕೂ ಮುಂಗಾರು ಹಿಡಿಯುವುದಕ್ಕೂ ಅಂತರ ಕಡಮೆ. ಪ್ರವೇಶೋತ್ಸವದ ಬೆಳಗ್ಗೆ ಗಾಳಿಯ ತೇವವನ್ನು ಹೀರಿದ ಚರ್ಮ ಸಡಿಲಗೊಂಡು ತಬಲಾದ ಶ್ರುತಿ ಇಳಿದಿರುತ್ತದೆ. ಬಲ್ಬಿನ ಬಳಿ ಬೆಚ್ಚಗಿಟ್ಟು, ಬದಿಯ ಮರದ ಗಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ಏರಿಸಿದರೂ ಹಾಡು ಮುಗಿಯುವುದರೊಳಗೆ ಮತ್ತೆ ಇಳಿಯಬಹುದು. ಒಂದು ತಬಲಾ ತನ್ನ ನಿಗದಿತ ಶ್ರುತಿಯಿಂದ ತುಸು ಮೇಲೆ, ತುಸು ಕೆಳಗೆ ಮಾತ್ರ ಸರಿಯುತ್ತದೆ ಎಂಬುದನ್ನು ಮುನ್ನಡೆಸುವವರು ನೆನಪಿಡಬೇಕು ಮತ್ತು ಶ್ರುತಿಯನ್ನು ಹಿಂದಿನ ದಿನವೇ ತಿಳಿಸಬೇಕು. ಬಿಳಿ 4ರ ಹಾಡಿಗೆ ಬಿಳಿ 1ರ ತಬಲಾ ಮಾತ್ರವೇ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಅದು ಪಂಚಮಕ್ಕೆ ಕೂಡುತ್ತದೆ, ಹಾಡಿನಲ್ಲಿ ಪಂಚಮಕ್ಕೆ ಪ್ರಾಧಾನ್ಯವಿದ್ದರೆ ಸಾಕು. ಹೆಂಚಿನ ಅಥವಾ ತಗಡಿನ ಮಾಡಿನ ಮೇಲೆ ಮಳೆ ಸುರಿಯತೊಡಗಿದಾಗ ಮಕ್ಕಳು ಅದನ್ನು ಮೀರಿಸಲು ಕೂಗುತ್ತಾರೆ, ಕೂಗಿದಾಗ ಕಾಲ ಓಡುತ್ತದೆ. ಆಗ ತಬಲಾದವರು ತಾವೂ ಗಟ್ಟಿಯಾಗಿ ಬಾರಿಸದೆ, ತುಂಬುನುಡಿತಗಳನ್ನೆಲ್ಲ ಬಿಟ್ಟು ತಾಳದ ಮೂಲ ನುಡಿತವಾದ ಬರಿಯ ಠೇಕಾಕ್ಕೆ ಇಳಿದರೆ ಹಾಡು ಒಂದೆರಡು ಆವರ್ತದಲ್ಲಿ ನೆಲೆಗೆ ಬರುತ್ತದೆ. ಇದು ಅಭ್ಯಾಸಕ್ಕೆ ಬಂದ ವಾದಕರಿಂದ ಮಾತ್ರ ಸಾಧ್ಯ. ಕಾರ್ಯಕ್ರಮದ ದಿನವೇ ಕರೆಸಿ ಕೂರಿಸುವ ಪದ್ಧತಿ ಹೋಗಬೇಕು. ಹೋಗಬೇಕಾದರೆ ಅಭ್ಯಾಸದ ದಿನಗಳಿಗೂ ಅವರಿಗೆ ಸಂಭಾವನೆ ಸಲ್ಲಬೇಕು.

ಉಚ್ಚಾರಣೆಯ ಹೊಣೆ ಮುನ್ನಡೆಸುವವರದೇ. ಸಪ್ತಭಾಷೆಗಳ ಈ ನೆಲದಲ್ಲಿ ಕನ್ನಡ ಹಾಡುವ ಸಾಲಿನಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಭುಜ ತಾಗಿಸಿ ನಿಂತಿರುತ್ತಾರೆ. ತುಳುವಿನಲ್ಲೂ ಮಲಯಾಳದಲ್ಲೂ ಪದಾಂತ್ಯದಲ್ಲಿ ಅರ್ಧ ಉಕಾರವಿದೆ. ಆ ಮಕ್ಕಳು ‘ನಾಡು’, ‘ಬೆಳಕು’ ಎಂಬ ಪದಗಳ ಕೊನೆಯನ್ನೂ ತುಟಿ ದುಂಡಗೆ ಮಾಡದೆ ಹಾಗೆಯೇ ಮುಗಿಸುತ್ತಾರೆ. ಮಾತಿನಲ್ಲಿ ಅದು ದೋಷವೇ ಅಲ್ಲ, ಊರಿನ ಸೊಗಡು. ಹಾಡಿನಲ್ಲಿ ಮಾತ್ರ ಆ ಕೊನೆಯ ಅಕ್ಷರದ ಮೇಲೆಯೇ ಸ್ವರವನ್ನು ನಾಲ್ಕು ಮಾತ್ರೆ ನಿಲ್ಲಿಸಬೇಕಾದಾಗ ಅರ್ಧ ವೃಂದ ದುಂಡು ಉಕಾರದಲ್ಲೂ ಅರ್ಧ ವೃಂದ ಅರ್ಧ ಉಕಾರದಲ್ಲೂ ನಿಂತು, ಶ್ರುತಿ ಸರಿಯಿದ್ದರೂ ಕಲಸಿದಂತೆ ಕೇಳಿಸುತ್ತದೆ. ಇದು ಶ್ರುತಿದೋಷವೆಂದು ಭಾವಿಸಿ ಹಾರ್ಮೋನಿಯಂನ್ನು ಜೋರು ಮಾಡುವುದರಿಂದ ಏನೂ ಸರಿಹೋಗದು. ಸೀಟಿ ಹೊಡೆಯುವಾಗಿನ ತುಟಿಯ ಆಕಾರವನ್ನು ತೋರಿಸಿ ಆ ಒಂದು ಅಕ್ಷರವನ್ನೇ ಹಾಡಿಸಿದರೆ ಕೆಲವೇ ನಿಮಿಷಗಳಲ್ಲಿ ಸ್ವರ ಒಂದಾಗುತ್ತದೆ.

ರೆಕಾರ್ಡಾದ ಟ್ರ್ಯಾಕ್ ಹಾಕಿ ಹಾಡಿಸುವುದು ಈಗ ಸುಲಭವಾಗಿದೆ, ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಮೈಕ್ ಒಂದೆರಡೇ ಇದ್ದರೆ ಅವು ಮಕ್ಕಳ ಮುಂದಿರಲಿ; ಶಾಲೆಯ ಹಾಲಿನಲ್ಲಿ ಹಾರ್ಮೋನಿಯಂ, ತಬಲಾಗಳಿಗೆ ಮೈಕಿನ ಅಗತ್ಯವಿಲ್ಲ.

ಹೈಸ್ಕೂಲಿನಲ್ಲಿ ಒಂದು ವಿಶೇಷ ಜವಾಬ್ದಾರಿ ಎದುರಾಗುತ್ತದೆ. ಸುಮಾರು ಹನ್ನೆರಡರಿಂದ ಹದಿನಾಲ್ಕರ ಪ್ರಾಯದಲ್ಲಿ ಹುಡುಗರ ಸ್ವರ ಒಡೆಯುತ್ತದೆ, ಕ್ರಮೇಣ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೋದ ವರ್ಷ ಮುಂದಿನ ಸಾಲಿನಲ್ಲಿ ನಿಂತು ಹಾಡಿದವನನ್ನು ಈ ವರ್ಷ ‘ನಿನ್ನ ಸ್ವರ ಹೋಯಿತು’ ಎಂದು ಹೊರಗೆ ಕಳುಹಿಸಿದರೆ ಅವನು ಮತ್ತೆ ಹಾಡಲು ಬಾರದೆ ಇರುವ ಸಂಭವವೇ ಹೆಚ್ಚು. ತಿಂಗಳಿಗೊಮ್ಮೆ ಅವನನ್ನು ಹಾರ್ಮೋನಿಯಂ ಬಳಿ ಕೂರಿಸಿ, ಆಯಾಸವಿಲ್ಲದೆ ಹಾಡಬಲ್ಲ ನಾಲ್ಕೈದು ಸ್ವರಗಳು ಯಾವುವೆಂದು ನೋಡಿ, ಹಾಡಿನಲ್ಲಿ ಆ ಸ್ವರಗಳು ಬರುವ ಸಾಲುಗಳನ್ನು ಮಾತ್ರ ಅವನಿಗೆ ಕೊಡಬೇಕು. ಉಳಿದ ಸಾಲುಗಳಲ್ಲಿ ಅವನ ಕೈಗೆ ತಾಳ ಕೊಡಬಹುದು, ಶ್ರುತಿಪೆಟ್ಟಿಗೆಯನ್ನು ಒಪ್ಪಿಸಬಹುದು, ಹಾರ್ಮೋನಿಯಂನಲ್ಲಿ ಷಡ್ಜ–ಪಂಚಮ ಹಿಡಿಯಲು ಕಲಿಸಬಹುದು. ಸ್ವರ ನೆಲೆಗೊಳ್ಳಲು ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರ ವರೆಗೆ ಎತ್ತರದ ಸ್ವರಗಳನ್ನು ಒತ್ತಿ ಹಾಡಲು ಅವನನ್ನು ಒತ್ತಾಯಿಸಬಾರದು ಮತ್ತು ಅವನ ಹೆಸರನ್ನು ತಂಡದ ಪಟ್ಟಿಯಿಂದ ತೆಗೆಯಬಾರದು.