ಚಿಗಟದ ಮದ್ದಿಗೂ ಬೆಕ್ಕಿನ ಸ್ನಾನಕ್ಕೂ ನಡುವೆ ಎರಡು ದಿನ

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ಮಾಟುಂಗಾದ ನನ್ನ ಚಿಕಿತ್ಸಾಲಯಕ್ಕೆ ಚಿಗಟ ಹತ್ತಿದ ಬೆಕ್ಕುಗಳು ಬರತೊಡಗುತ್ತವೆ. ಕಳೆದ ಮಳೆಗಾಲದಲ್ಲಿ ಉಡುಪಿ ಕಡೆಯ ಹಿರಿಯ ಮಹಿಳೆಯೊಬ್ಬರು ತಮ್ಮ ಬೆಕ್ಕನ್ನು ಬುಟ್ಟಿಯಲ್ಲಿ ತಂದು, "ಡಾಕ್ಟ್ರೇ, ನೀವು ಕೊಟ್ಟ ಮದ್ದು ಹಾಕಿ ವಾರ ಆಯ್ತು, ಚಿಗಟ ಹಾಗೇ ಉಂಟು" ಎಂದರು. ವಿಚಾರಿಸಿದಾಗ, ಮದ್ದು ಹಾಕುವ ದಿನ ಬೆಳಿಗ್ಗೆ ಬೆಕ್ಕಿಗೆ ಶಾಂಪೂ ಹಚ್ಚಿ ಮೀಯಿಸಿದ್ದರು, ಕುತ್ತಿಗೆ ಜಿಡ್ಡಾಗಿ ಕಂಡಿತೆಂದು ಮರುದಿನ ಮತ್ತೊಮ್ಮೆ ತೊಳೆದಿದ್ದರು ಎಂದು ತಿಳಿಯಿತು. ಮೊದಲೇ ಬಿಡಿಸಿ ಹೇಳದ ತಪ್ಪು ನನ್ನದೇ.

ನಾನು ಕೊಟ್ಟಿದ್ದು ಫಿಪ್ರೊನಿಲ್ ಎಂಬ ಚಿಗಟನಾಶಕ ಇರುವ ತೊಟ್ಟುಮದ್ದು. ಭುಜಗಳ ನಡುವೆ, ಕೂದಲು ಸರಿಸಿ ಚರ್ಮದ ಮೇಲೆಯೇ ಹಾಕಿದ ಈ ದ್ರವವು ಚರ್ಮದ ಎಣ್ಣೆಯೊಡನೆ ಬೆರೆತು, ಒಂದೆರಡು ದಿನಗಳಲ್ಲಿ ಮೈಯೆಲ್ಲ ಹರಡಿ, ಎಣ್ಣೆಗ್ರಂಥಿಗಳಲ್ಲಿ ಸೇರಿಕೊಂಡು, ಅಲ್ಲಿಂದ ವಾರಗಟ್ಟಲೆ ಕೂದಲಿಗೆ ಒಸರುತ್ತಿರುತ್ತದೆ. ಶಾಂಪೂ ಆ ಎಣ್ಣೆಯನ್ನೇ ತೆಗೆದುಹಾಕುವುದರಿಂದ, ಸ್ನಾನವಾದ ಕೂಡಲೇ ಹಾಕಿದ ಮದ್ದಿಗೆ ಹರಡಲು ದಾರಿಯಿರುವುದಿಲ್ಲ. ಮದ್ದು ಹಾಕಿದ ಕೂಡಲೇ ಮೀಯಿಸಿದರೆ ಮದ್ದೇ ನೀರಿನೊಡನೆ ಹೋಗುತ್ತದೆ. ಆದುದರಿಂದ ಹಿಂದೆ ಎರಡು ದಿನ, ಮುಂದೆ ಎರಡು ದಿನ ಸ್ನಾನ ಬೇಡ. ಸೆಲಮೆಕ್ಟಿನ್ ಎಂಬ ಇನ್ನೊಂದು ತೊಟ್ಟುಮದ್ದು ಚರ್ಮದ ಮೂಲಕ ದೇಹದೊಳಕ್ಕೆ ಹೋಗುವ ಮದ್ದಾದ ಕಾರಣ ಎರಡು ಗಂಟೆಗಳ ಬಳಿಕ ನೀರು ತಾಗಿದರೂ ಅಡ್ಡಿಯಿಲ್ಲ. ಪೊಟ್ಟಣದೊಳಗಿನ ಚೀಟಿಯನ್ನು ಓದದೆ ಎಸೆಯಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ನಿಜ ಹೇಳುವುದಾದರೆ ಬಹುಪಾಲು ಬೆಕ್ಕುಗಳಿಗೆ ಸ್ನಾನದ ಅಗತ್ಯವೇ ಇಲ್ಲ. ಬೆಕ್ಕಿನ ಮೈಮೇಲೆ ಇಟ್ಟ ಚಿಗಟದ ಮೊಟ್ಟೆಗಳು ಉದುರಿ ಹಾಸಿಗೆ, ಸೋಫಾಗಳ ಸಂದಿಯಲ್ಲಿ ಬೆಳೆಯುತ್ತವೆ. ಮೊಟ್ಟೆಯೊಡೆದ ಹುಳುಗಳು ಗೂಡು ಕಟ್ಟಿಕೊಂಡು ಅದರೊಳಗೆ ಕೋಶಗಳಾಗಿ (ಪ್ಯೂಪಾ) ತಿಂಗಳುಗಟ್ಟಲೆ ಕಾದು ಕುಳಿತಿರಬಲ್ಲವು. ಮದ್ದು ಹಾಕಿದ ಮೇಲೂ ಕೆಲವು ವಾರ ಹೊಸ ಚಿಗಟಗಳು ಕಾಣಿಸಿದರೆ ಮದ್ದು ಸೋತಿತೆಂದು ತಿಳಿಯಬಾರದು. ಬೆಕ್ಕಿನ ಹಾಸುಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಮನೆಯ ಎಲ್ಲ ಸಾಕುಪ್ರಾಣಿಗಳಿಗೂ ಅವವಕ್ಕೆ ತಕ್ಕ ಮದ್ದು ಹಾಕಬೇಕು. ಎಂಟು ವಾರ ತುಂಬದ ಮರಿಗಳಿಗೆ ಫಿಪ್ರೊನಿಲ್ ತೊಟ್ಟುಮದ್ದು ಹಾಕುವಂತಿಲ್ಲ. ಅವಕ್ಕೆ ನಮ್ಮ ಅಜ್ಜಿಯರು ಹೇನು ತೆಗೆಯುತ್ತಿದ್ದ ಸಣ್ಣ ಹಲ್ಲಿನ ಬಾಚಣಿಗೆಯೇ ಸಾಕು.

ಮೀಯಿಸಲೇಬೇಕಾದಾಗ ಟಬ್ಬಿನ ತಳದಲ್ಲಿ ಜಾರದಂತೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರನ್ನು ಮಗ್ಗಿನಿಂದ ಮೆಲ್ಲಗೆ ಸುರಿಯಬೇಕು. ಚಿಗಟಗಳು ಮುಖದತ್ತ ಓಡದಂತೆ ಮೊದಲು ಕುತ್ತಿಗೆಯ ಸುತ್ತ ನೊರೆ ಹಚ್ಚುವುದು ಒಳ್ಳೆಯದು. ಮನುಷ್ಯರ ಶಾಂಪೂವನ್ನಾಗಲಿ, ನಾಯಿಗಳ ಚಿಗಟದ ಶಾಂಪೂವನ್ನಾಗಲಿ ಬಳಸಬಾರದು.

ಎರಡು ದಿನದ ನಿಯಮವನ್ನು ಮುರಿಯಲೇಬೇಕಾದ ಸಂದರ್ಭವೊಂದಿದೆ. ನಾಯಿಗಳ ಕೆಲವು ತೊಟ್ಟುಮದ್ದುಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಕರಗಿಸಿ ಹೊರಹಾಕಲಾರದು. ಮೈ ನಡುಕ, ಜೊಲ್ಲು, ಸೆಳವು ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ತಪ್ಪಿ ಅದು ಬೆಕ್ಕಿನ ಮೈಗೆ ಬಿದ್ದಿದ್ದರೆ, ನಡುಕವಿನ್ನೂ ಇಲ್ಲದಿದ್ದಲ್ಲಿ, ಪಾತ್ರೆ ತೊಳೆಯುವ ದ್ರವ ಮತ್ತು ಉಗುರುಬೆಚ್ಚಗಿನ ನೀರಿನಿಂದ ಕೂಡಲೇ ತೊಳೆಯಬೇಕು. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ವಿಷವನ್ನು ಒಳಕ್ಕೆಳೆಯುತ್ತದೆ, ತಣ್ಣೀರಿನಿಂದ ಮೈ ತಣ್ಣಗಾಗುತ್ತದೆ. ಬಳಿಕ ಮೈ ಒರೆಸಿ, ನೆಕ್ಕಿಕೊಳ್ಳದಂತೆ ಟವೆಲ್ಲಿನಲ್ಲಿ ಸುತ್ತಿ, ಮದ್ದಿನ ಪೊಟ್ಟಣದೊಡನೆ ಪಶುವೈದ್ಯರಲ್ಲಿಗೆ ಹೊರಡಬೇಕು. ನಡುಕವೋ ಸೆಳವೋ ಆಗಲೇ ಶುರುವಾಗಿದ್ದರೆ ಮನೆಯಲ್ಲಿ ತೊಳೆಯುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವ ಕೆಲಸವನ್ನು ಅಲ್ಲಿ, ಸೆಳವು ಹತೋಟಿಗೆ ಬಂದ ಮೇಲೆ ಮಾಡುತ್ತಾರೆ.